ಟೀಸಿ ತರುವ ಮುಂಚೆ ಒಂದು ಮಾತು

ಪಿಯುಸಿ ಮುಗಿಸಿದ ಮಗಳನ್ನೋ ಮಗನನ್ನೋ ಕಾಲೇಜಿಗೆ ಸೇರಿಸಿ ಬಂದ ದಿನ ಮನೆಯಲ್ಲಿ ಒಂದು ದೊಡ್ಡ ನಿಟ್ಟುಸಿರು. 'ಅಬ್ಬಾ, ಒಂದು ದಡ ಮುಟ್ಟಿತು' ಅಂತ. ಆದರೆ ಎಷ್ಟೋ ಮನೆಗಳಲ್ಲಿ ಆ ನಿಟ್ಟುಸಿರಿಗೆ ಆಯಸ್ಸು ಒಂದೇ ವರ್ಷ. ಯಜಮಾನರಿಗೆ ಹುಬ್ಬಳ್ಳಿಯಿಂದ ಮೈಸೂರಿಗೆ ವರ್ಗ ಆಗುತ್ತದೆ. ಅಥವಾ ಮಗರಾಯ, 'ಅಮ್ಮಾ, ಈ ಕಾಲೇಜು ನನಗೆ ಆಗೋಲ್ಲ, ಬೇರೆ ಕಡೆ ಹಾಕಿ' ಎಂದು ಮುಖ ಊದಿಸಿಕೊಂಡು ಕೂರುತ್ತಾನೆ. ಡಿಪ್ಲೊಮಾ ಮುಗಿಸಿದ ಮಗಳಿಗೆ ಎಂಜಿನಿಯರಿಂಗ್ ಎರಡನೇ ವರ್ಷಕ್ಕೇ ನೇರ ಸೀಟು ಸಿಗುತ್ತದೆ. ಹಾಸ್ಟೆಲ್ ಊಟ ಒಗ್ಗದೆ ಸೊರಗಿ ಮನೆಗೆ ಬಂದು ಕೂತವರೂ ಇಲ್ಲದಿಲ್ಲ!

ಕಾರಣ ಏನೇ ಇರಲಿ, ಕಾಲೇಜು ಬದಲಿಸುವ ಮಾತು ಬಂದ ಕೂಡಲೇ ನಾವು ಕೇಳುವ ಪ್ರಶ್ನೆಗಳು ಗೊತ್ತೇ ಇವೆ. ಕಾಲೇಜು ಹೆಸರುವಾಸಿಯಾ? ಮನೆ ಹತ್ತಿರದಿಂದ ಬಸ್ ಇದೆಯಾ? ಡೊನೇಷನ್ ಎಷ್ಟು ಕೇಳ್ತಾರೆ? ಒಂದು ಪ್ರಶ್ನೆ ಮಾತ್ರ ಬಿಟ್ಟುಹೋಗುತ್ತದೆ. 'ಈಗ ಬರುತ್ತಿರುವ ವಿದ್ಯಾರ್ಥಿವೇತನ ಏನಾಗುತ್ತೆ?' ಇದು ನೆನಪಾಗುವುದು ಎಷ್ಟೋ ತಿಂಗಳ ಮೇಲೆ, ಪಾಸ್‌ಬುಕ್‌ನಲ್ಲಿ ದುಡ್ಡು ಬೀಳದೇ ಹೋದಾಗ. ಅಷ್ಟರಲ್ಲಿ ಹಳೆಯ ಕಾಲೇಜಿನ ಋಣ ಹರಿದಿರುತ್ತದೆ. ಹೊಸ ಕಾಲೇಜಿನ ಫೀಸಿಗೆಂದು ಅಮ್ಮನ ಎರಡು ಬಳೆ ಬ್ಯಾಂಕಿನಲ್ಲಿ ಅಡವು ಕೂತಿರುತ್ತವೆ.

ಈ ಲೇಖನ ಆ ಬಳೆಗಳ ಸಲುವಾಗಿ ಅನ್ನಿ.

ದುಡ್ಡು ಯಾವುದಕ್ಕೆ ಗಂಟು ಬಿದ್ದಿದೆ?

ವಿದ್ಯಾರ್ಥಿವೇತನ ಅಂದರೆ ಎಲ್ಲಾ ಒಂದೇ ಎಂದು ನಾವು ತಿಳಿದಿರುತ್ತೇವೆ. ಹಾಗಲ್ಲ. ಕೆಲವು ಮಗುವಿನ ಹೆಸರಿಗೆ ಬಂದಿರುತ್ತವೆ, ಮಗು ಹೋದ ಕಡೆ ಅವೂ ಹೋಗುತ್ತವೆ. ಕೆಲವು ಸೀಟಿಗೆ ಗಂಟು ಬಿದ್ದಿರುತ್ತವೆ, ಸೀಟು ಬಿಟ್ಟರೆ ಅವೂ ಬಿಟ್ಟಂತೆ. ಇನ್ನು ಕೆಲವು 'ಕೇಳಿ ಹೋದರೆ ಸರಿ, ಕೇಳದೆ ಹೋದರೆ ಇಲ್ಲ' ಅನ್ನುವ ಜಾತಿಯವು. ನಿಮ್ಮ ಮಗುವಿಗೆ ಬರುತ್ತಿರುವುದು ಇದರಲ್ಲಿ ಯಾವುದು? ಟೀಸಿಗೆ ಅರ್ಜಿ ಬರೆಯುವ ಮುಂಚೆ ಇದೊಂದು ತಿಳಿದುಕೊಂಡರೆ ಅರ್ಧ ತಲೆನೋವು ಹೋಯಿತು.

ಸೀಟಿಗೆ ಗಂಟು ಬಿದ್ದದ್ದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಸಿಇಟಿಯಲ್ಲಿ 'ಎಸ್‌ಎನ್‌ಕ್ಯೂ' ಎಂದು ಕರೆಯುವ ಸೂಪರ್‌ನ್ಯೂಮರರಿ ಸೀಟು. ಮನೆಯ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆ ಇರುವ ಜಾಣ ಮಕ್ಕಳಿಗೆ, ಮಂಜೂರಾದ ಸೀಟುಗಳ ಮೇಲೆ ಶೇ 5ರಷ್ಟು ಹೆಚ್ಚುವರಿಯಾಗಿ ಕೊಡುವ ಸೀಟುಗಳಿವು. ಬೋಧನಾ ಶುಲ್ಕ ಮಾಫಿ. ಎಂಜಿನಿಯರಿಂಗ್‌ನಲ್ಲಿ ಅದು ಸಣ್ಣ ಮೊತ್ತವಲ್ಲ. ಆದರೆ ಎಐಸಿಟಿಇ ನಿಯಮ ಖಡಕ್ಕಾಗಿದೆ. ಈ ಸೀಟಿನಲ್ಲಿ ಸೇರಿದವರು ಯಾವ ಕಾರಣಕ್ಕೂ ಕಾಲೇಜನ್ನಾಗಲೀ ಕೋರ್ಸನ್ನಾಗಲೀ ಬದಲಿಸುವಂತಿಲ್ಲ. 'ಮನೆ ಹತ್ತಿರದ ಕಾಲೇಜಿಗೆ ಬಂದರೆ ಮಗ ಕಣ್ಣೆದುರೇ ಇರ್ತಾನೆ' ಎಂದು ಆಸೆ ಪಡುವ ತಾಯಂದಿರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಕಣ್ಣೆದುರು ಇರುವುದರ ಬೆಲೆ ಇನ್ನುಳಿದ ವರ್ಷಗಳ ಪೂರ್ತಿ ಫೀಸು.

ಎರಡನೆಯದು ಕೇಳಿ ಹೋಗಬೇಕಾದದ್ದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಮಕ್ಕಳಿಗೆ ಕೇಂದ್ರದ ನೆರವಿನಿಂದ ಬರುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇದೆಯಲ್ಲ, ಅದರ ಮಾರ್ಗಸೂಚಿಯಲ್ಲೇ ಮಾತು ಸ್ಪಷ್ಟವಾಗಿತ್ತು. ರಾಜ್ಯ ಸರ್ಕಾರದ ಪೂರ್ವಾನುಮತಿ ಇಲ್ಲದೆ ಓದುವ ವಿಷಯವನ್ನೋ ಸಂಸ್ಥೆಯನ್ನೋ ಬದಲಿಸಿದರೆ ವೇತನ ರದ್ದು ಮಾಡಬಹುದು ಎಂದು. ವರ್ಷದ ಮಧ್ಯೆ ಓದು ಬಿಟ್ಟರೆ ಕೊಟ್ಟ ಹಣ ವಾಪಸ್ ಕೇಳುವ ಅಧಿಕಾರವೂ ಸರ್ಕಾರಕ್ಕೆ ಇತ್ತು. ಆದ್ದರಿಂದ ಜಿಲ್ಲೆಯ ಸಮಾಜ ಕಲ್ಯಾಣ ಕಚೇರಿಗೆ ಮೊದಲೇ ಒಂದು ಅರ್ಜಿ ಕೊಟ್ಟು, ಅದರ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಂಡು ಇಟ್ಟುಕೊಳ್ಳಿ. ಬಾಯಿಮಾತಿನಲ್ಲಿ 'ಏನೂ ತೊಂದರೆ ಇಲ್ಲ ಹೋಗಿ ಅಮ್ಮ' ಅಂದವರು ಮುಂದಿನ ವರ್ಷ ಅದೇ ಕುರ್ಚಿಯಲ್ಲಿ ಇರುತ್ತಾರೆ ಎಂಬ ಖಾತ್ರಿ ಏನು? ಕಾಗದ ಇದ್ದರೆ ಯಾರು ಬಂದರೂ ಮಾತಾಡಬಹುದು.

ಮಗುವಿನ ಜೊತೆಯೇ ಹೋಗುವಂಥದ್ದೂ ಇದೆ, ಗಾಬರಿ ಬೇಡ. ಕಾಲೇಜು ವಿದ್ಯಾರ್ಥಿಗಳಿಗಾಗಿ ಕೇಂದ್ರ ಶಿಕ್ಷಣ ಸಚಿವಾಲಯ ಕೊಡುವ 'ಸೆಂಟ್ರಲ್ ಸೆಕ್ಟರ್' ವಿದ್ಯಾರ್ಥಿವೇತನ ಅಂಥದ್ದು. ಹನ್ನೆರಡನೇ ತರಗತಿಯಲ್ಲಿ ತಮ್ಮ ಬೋರ್ಡಿನ ಮೇಲಿನ ಶೇ 20ರಷ್ಟು ಮಕ್ಕಳ ಸಾಲಿನಲ್ಲಿ ಇರಬೇಕು, ಮನೆಯ ಆದಾಯ ವರ್ಷಕ್ಕೆ 4.5 ಲಕ್ಷ ಮೀರಬಾರದು. ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12 ಸಾವಿರ ರೂಪಾಯಿ. ವೃತ್ತಿಪರ ಕೋರ್ಸಾದರೆ ನಾಲ್ಕು ಮತ್ತು ಐದನೇ ವರ್ಷಕ್ಕೆ 20 ಸಾವಿರ. ಪ್ರತಿ ವರ್ಷ ನವೀಕರಣಕ್ಕೆ ಕನಿಷ್ಠ ಶೇ 50 ಅಂಕ, ಶೇ 75 ಹಾಜರಿ ಬೇಕು. ಕಾಲೇಜು ಬದಲಾದರೂ ಇದು ಮುಂದುವರಿಯಬಹುದು, ಹೊಸ ಕಾಲೇಜಿಗೆ 'ಐಷೆ' ಎಂಬ ರಾಷ್ಟ್ರೀಯ ಸಂಕೇತ ಸಂಖ್ಯೆ ಇದ್ದರೆ ಆಯಿತು. ಈ ಸಂಖ್ಯೆ ಇಲ್ಲದ ಕಾಲೇಜು ಎಷ್ಟೇ ಥಳಥಳಿಸಲಿ, ವಿದ್ಯಾರ್ಥಿವೇತನದ ಮಟ್ಟಿಗೆ ಅದು ಲೆಕ್ಕಕ್ಕೇ ಇಲ್ಲ. ಹೊಸ ಕಾಲೇಜಿನ ಆಫೀಸಿಗೆ ಹೋದಾಗ ಸಂಕೋಚ ಪಡದೆ ಕೇಳಿ. ಇನ್ನೊಂದು ಮಾತು: ದೂರಶಿಕ್ಷಣಕ್ಕೆ, ಡಿಪ್ಲೊಮಾಗೆ ಈ ಹಣ ಬರೋಲ್ಲ. 'ಕಾಲೇಜು ಬಿಟ್ಟು ಕರೆಸ್ಪಾಂಡೆನ್ಸ್ ಮಾಡ್ಕೋತೀನಿ' ಎನ್ನುವ ಮಗನಿಗೆ ಇದನ್ನೂ ಹೇಳಿ.

ಮೊದಲ ವರ್ಷದವರಿಗೆ ಮಾತ್ರ!

ಖಾಸಗಿ ಸಂಸ್ಥೆಗಳ ಕಥೆ ಬೇರೆ. ಇನ್ಫೊಸಿಸ್ ಫೌಂಡೇಷನ್ 2023ರಲ್ಲಿ ಆರಂಭಿಸಿದ 'ಸ್ಟೆಮ್ ಸ್ಟಾರ್ಸ್' ಹೆಣ್ಣುಮಕ್ಕಳಿಗೆ ವರ್ಷಕ್ಕೆ 1 ಲಕ್ಷದವರೆಗೆ ಕೊಡುತ್ತದೆ. ಅಜೀಂ ಪ್ರೇಮ್‌ಜಿ ಫೌಂಡೇಷನ್, ಹತ್ತನೇ ತರಗತಿ ಮತ್ತು ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ ಕಾಲೇಜಿನಲ್ಲಿ ಓದಿದ ಹುಡುಗಿಯರಿಗೆ ವರ್ಷಕ್ಕೆ 30 ಸಾವಿರ ಕೊಡುತ್ತದೆ. ಕೇಳುವುದಕ್ಕೆ ಎಷ್ಟು ಚೆನ್ನ! ಆದರೆ ಇಂಥ ಯೋಜನೆಗಳಲ್ಲಿ ಬಹುಪಾಲು ಬಾಗಿಲು ತೆರೆಯುವುದು ಪದವಿಯ ಮೊದಲ ವರ್ಷಕ್ಕೆ ಸೇರುವವರಿಗೆ. ಎರಡನೇ ವರ್ಷದಲ್ಲಿ ಕಾಲೇಜು ಬದಲಿಸಿ 'ನಾನು ಹೊಸಬಳು' ಎಂದರೆ ಒಪ್ಪೋಲ್ಲ. ಈಗಾಗಲೇ ಇವುಗಳಲ್ಲಿ ಒಂದು ಸಿಗುತ್ತಿದ್ದರೆ, ಕಾಲೇಜು ಬದಲಿಸುವ ಮುಂಚೆ ಆ ಸಂಸ್ಥೆಗೇ ಪತ್ರ ಬರೆದು ಕೇಳಿ. ಕಾರಣ ನ್ಯಾಯವಾಗಿದ್ದರೆ, ಅಪ್ಪನ ವರ್ಗಾವಣೆಯೋ ಮನೆಯವರ ಅನಾರೋಗ್ಯವೋ ಆಗಿದ್ದರೆ, ಕೇಳುವುದರಲ್ಲಿ ತಪ್ಪೇನಿಲ್ಲ. ಕೇಳದೆ ಹೋಗಿ ಆಮೇಲೆ ಸಮಜಾಯಿಷಿ ಕೊಡುವುದು ಕಷ್ಟ.

ಕೆಲವರು ಒಂದು 'ಉಪಾಯ' ಹೇಳಿಕೊಡುತ್ತಾರೆ. ಹಳೆಯ ಕಾಲೇಜಿನ ವಿಷಯ ಮುಚ್ಚಿಟ್ಟು ಹೊಸ ಕಾಲೇಜಿನಿಂದ ಹೊಸದಾಗಿ ಅರ್ಜಿ ಹಾಕಿ ಎಂದು. ದಯವಿಟ್ಟು ಬೇಡ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಈಗ 'ಓಟಿಆರ್' ಎಂಬ 14 ಅಂಕಿಗಳ ಒಂದು ಸಂಖ್ಯೆ ಕೊಡುತ್ತಾರೆ. ಒಂದು ಸಲ ಪಡೆದರೆ ಓದು ಮುಗಿಯುವವರೆಗೂ ಅದೇ. ಆಧಾರ್‌ಗೆ ಜೋಡಿಸಿದ್ದು. ಹಿಂದೆ ಎಲ್ಲಿ, ಯಾವ ವರ್ಷ ಅರ್ಜಿ ಹಾಕಿದ್ದೆಂದು ಅದಕ್ಕೆ ಗೊತ್ತಿರುತ್ತದೆ. ಮುಚ್ಚಿಡಲು ಹೋಗಿ ಸಿಕ್ಕಿಬಿದ್ದರೆ ಬರಬೇಕಾದ ಹಣಕ್ಕೂ ಕಲ್ಲು ಬಿತ್ತು.

ಡಿಪ್ಲೊಮಾ ಹುಡುಗಿಯರೇ, ನಿಮಗೊಂದು ಸಿಹಿಸುದ್ದಿ

ಈಗ ನನಗೆ ಬಹಳ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಎಸ್‌ಎಸ್‌ಎಲ್‌ಸಿ ಆದಮೇಲೆ ಪಾಲಿಟೆಕ್ನಿಕ್‌ಗೆ ಹಾಕಿದ ಹೆಣ್ಣುಮಗಳನ್ನು ನೆಂಟರಿಷ್ಟರು ಸ್ವಲ್ಪ ಕನಿಕರದಿಂದಲೇ ನೋಡುತ್ತಾರೆ. 'ಪಿಯುಸಿ ಮಾಡಿಸಬಾರದಿತ್ತಾ?' ಎನ್ನುತ್ತಾರೆ. ಆದರೆ ಆ ಹುಡುಗಿ ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಬರೆದರೆ, ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಇದೇ 'ಲ್ಯಾಟರಲ್ ಎಂಟ್ರಿ'. ನಮ್ಮಲ್ಲಿ ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಅಧಿಕೃತವಾಗಿ, ಗೌರವದಿಂದ ದಾಟುವ ದಾರಿ ಅಂದರೆ ಇದೇ.

ಮೇಲೆ ಹೇಳಿದ 'ಮೊದಲ ವರ್ಷದವರಿಗೆ ಮಾತ್ರ' ಎಂಬ ಬಾಗಿಲುಗಳು ಇವರಿಗೆ ಮುಚ್ಚಿರುತ್ತವೆ ಎಂದು ಬಹಳ ಮಂದಿ ಪ್ರಯತ್ನವನ್ನೇ ಬಿಡುತ್ತಾರೆ. ಅಲ್ಲೇ ತಪ್ಪುವುದು. ಎಐಸಿಟಿಇಯ 'ಪ್ರಗತಿ' ವಿದ್ಯಾರ್ಥಿವೇತನ ಲ್ಯಾಟರಲ್ ಎಂಟ್ರಿಯಲ್ಲಿ ಎರಡನೇ ವರ್ಷಕ್ಕೆ ಸೇರಿದ ಹುಡುಗಿಯರಿಗೂ ಇದೆ, ಹೆಸರು ಹಿಡಿದು ಹೇಳಿದೆ. ವರ್ಷಕ್ಕೆ 50 ಸಾವಿರ ರೂಪಾಯಿ, ಮೂರು ವರ್ಷದವರೆಗೆ. ಲೆಕ್ಕ ಹಾಕಿ, ಒಂದೂವರೆ ಲಕ್ಷ! ಕಾಲೇಜು ಎಐಸಿಟಿಇ ಮಾನ್ಯತೆ ಪಡೆದಿರಬೇಕು. ಮನೆಯ ಒಟ್ಟು ಆದಾಯ ವರ್ಷಕ್ಕೆ 8 ಲಕ್ಷ ಮೀರಬಾರದು. ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ ಕೊಡುತ್ತಾರೆ. ಹಿಂದಿನ ಪರೀಕ್ಷೆ ಪಾಸಾದದ್ದಕ್ಕೂ ಈ ಸೇರ್ಪಡೆಗೂ ನಡುವೆ ಎರಡು ವರ್ಷಕ್ಕಿಂತ ಹೆಚ್ಚು ಅಂತರ ಇರಬಾರದು. ಆಯ್ಕೆ ಅಂಕಗಳ ಮೇಲೆ. ಲ್ಯಾಟರಲ್ ಎಂಟ್ರಿಯವರಿಗೆ ಡಿಪ್ಲೊಮಾ ಅಂಕವೇ ಲೆಕ್ಕ. ಹಣ ಫೀಸಿಗೇ ಆಗಬೇಕೆಂದಿಲ್ಲ, ಪುಸ್ತಕಕ್ಕೆ, ಕಂಪ್ಯೂಟರಿಗೆ, ಓದಿಗೆ ಬೇಕಾದ ಬೇರೆ ಸಾಮಾನಿಗೂ ಬಳಸಬಹುದು.

ಗಮನಿಸಿ, 8 ಲಕ್ಷ ಎಂದರೆ ತಿಂಗಳಿಗೆ 66 ಸಾವಿರ ಚಿಲ್ಲರೆ. 'ವಿದ್ಯಾರ್ಥಿವೇತನ ಬಡವರಿಗೆ, ನಾವು ಮಧ್ಯಮ ವರ್ಗದವರು' ಎಂದು ಕೈಕಟ್ಟಿ ಕೂರುವ ಎಷ್ಟೋ ಮನೆಗಳು ಈ ಗೆರೆಯೊಳಗೇ ಇವೆ. ಖಾಸಗಿ ಕಂಪನಿಯ ಸಾಧಾರಣ ಸಂಬಳ, ಸಣ್ಣ ಅಂಗಡಿ, ನಿವೃತ್ತಿಯ ಪಿಂಚಣಿ... ಒಮ್ಮೆ ಯಜಮಾನರ ಜೊತೆ ಕೂತು ಲೆಕ್ಕ ನೋಡಿ. ಅಂಗವಿಕಲ ಮಕ್ಕಳಿಗೆ ಇದೇ ಮೊತ್ತದ 'ಸಕ್ಷಮ್' ಇದೆ, ವೈಕಲ್ಯ ಶೇ 40ಕ್ಕೆ ಕಡಿಮೆ ಇರಬಾರದು. ಅದು ಹುಡುಗ ಹುಡುಗಿ ಇಬ್ಬರಿಗೂ.

ಒಂದು ಎಚ್ಚರಿಕೆ. ಸಾಮಾನ್ಯವಾಗಿ ಒಂದೇ ವರ್ಷ ಎರಡು ಸರ್ಕಾರಿ ವಿದ್ಯಾರ್ಥಿವೇತನ ತೆಗೆದುಕೊಳ್ಳುವಂತಿಲ್ಲ. ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲೂ ಕೇಂದ್ರದ ಪೋರ್ಟಲ್‌ನಲ್ಲೂ ಕಣ್ಣುಮುಚ್ಚಿ ಅರ್ಜಿ ಗುಜರಾಯಿಸಿ, ಎರಡೂ ಬಂದು, ಆಮೇಲೆ ಒಂದನ್ನು ಹಿಂತಿರುಗಿಸುವ ಫಜೀತಿ ಬೇಡ. ಯಾವುದರಲ್ಲಿ ಹೆಚ್ಚು, ಯಾವುದು ಎಷ್ಟು ವರ್ಷ ಬರುತ್ತದೆ ಎಂದು ಅಡುಗೆಮನೆ ಕ್ಯಾಲೆಂಡರಿನ ಹಿಂದೆ ಬರೆದು ಹೋಲಿಸಿ. ತರಕಾರಿ ಗಾಡಿಯ ಮುಂದೆ ನಿಂತಾಗ ನಮಗಿರುವ ಚುರುಕು ಇಲ್ಲಿ ಯಾಕೆ ಇರಬಾರದು?

ಯಜಮಾನರಿಗೆ ವರ್ಗವಾದಾಗ

ವರ್ಗಾವಣೆ ರಾಜ್ಯದೊಳಗೇ ಆದರೆ ಚಿಂತೆ ಕಡಿಮೆ. ಎಸ್‌ಎಸ್‌ಪಿ ಖಾತೆ ಮಗುವಿನದೇ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯೂ ಅದೇ. ಬದಲಾಗುವುದು ಕಾಲೇಜಿನ ವಿವರ. ಪ್ರಮಾಣಪತ್ರದ ಅವಧಿ ಮುಗಿದಿದೆಯೇ ಎಂದು ಮಾತ್ರ ಹೊರಡುವ ಮುಂಚೆ ನೋಡಿಕೊಳ್ಳಿ. ಹೊಸ ಊರಿನಲ್ಲಿ ವಿಳಾಸದ ಪುರಾವೆಯೇ ಇಲ್ಲದೆ ನಾಡಕಚೇರಿಗೆ ಅಲೆಯುವುದಕ್ಕಿಂತ ಇರುವ ಊರಿನಲ್ಲೇ ಮಾಡಿಸಿಕೊಂಡು ಹೊರಡುವುದು ಜಾಣತನ. ಸರ್ಕಾರಿ ಹಾಸ್ಟೆಲ್‌ನಲ್ಲಿ ಇದ್ದ ಮಗುವಾದರೆ ಹೊಸ ಊರಿನ ಹಾಸ್ಟೆಲ್‌ಗೆ ಬೇರೆ ಅರ್ಜಿ ಹಾಕಬೇಕು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ಮಕ್ಕಳಿಗೆ ಊಟ, ವಸತಿಗೆಂದು 'ವಿದ್ಯಾಸಿರಿ' ಇದೆ, ಅದನ್ನು ಮರೆಯಬೇಡಿ.

ವರ್ಗ ಪುಣೆಗೋ ಹೈದರಾಬಾದಿಗೋ ಆದರೆ? ಮೆಟ್ರಿಕ್ ನಂತರದ ವೇತನವನ್ನು ಕೊಡಬೇಕಾದದ್ದು ವಿದ್ಯಾರ್ಥಿಯ ಸ್ವಂತ ರಾಜ್ಯ, ಓದುತ್ತಿರುವ ರಾಜ್ಯವಲ್ಲ. ಅಲ್ಲಿನ ಕಾಲೇಜಿನ ಗುಮಾಸ್ತರು 'ನಿಮ್ಮದು ಕರ್ನಾಟಕ, ನಮಗೆ ಸಂಬಂಧವಿಲ್ಲ' ಎಂದರೆ ಜಗಳಕ್ಕೆ ನಿಲ್ಲಬೇಡಿ. ಇಲ್ಲಿನ ಇಲಾಖೆಯನ್ನೇ ಹಿಡಿಯಿರಿ. ಕೇಂದ್ರದ ಯೋಜನೆಗಳಿಗೆ ಈ ತಕರಾರು ಕಡಿಮೆ.

ಇನ್ನೊಂದು ಸಂಗತಿ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಎಲ್ಲ ನೆರವೂ ವಿದ್ಯಾರ್ಥಿವೇತನದ ರೂಪದಲ್ಲೇ ಬರಬೇಕೆಂದಿಲ್ಲ. 2023ರ ಜೂನ್‌ನಲ್ಲಿ ಶುರುವಾದ 'ಶಕ್ತಿ' ಯೋಜನೆಯಿಂದ ಹೆಣ್ಣುಮಕ್ಕಳಿಗೆ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ಅಂದರೆ ಒಂದು ಗಂಟೆ ದೂರದ ಊರಿನ ಸರ್ಕಾರಿ ಕಾಲೇಜು ನಿಮ್ಮ ಮಗಳಿಗೆ ಹತ್ತಿರವಾದಂತೆಯೇ. ಖಾಸಗಿ ಕಾಲೇಜಿನ ಬಿಕಾಂ ಬಿಟ್ಟು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಬಂದರೆ ಉಳಿಯುವ ಫೀಸೇ ಒಂದು ವಿದ್ಯಾರ್ಥಿವೇತನ! 'ಸರ್ಕಾರಿ ಕಾಲೇಜಾ?' ಎಂದು ಮೂಗು ಮುರಿಯುವ ಮುಂಚೆ ಒಮ್ಮೆ ಹೋಗಿ ಅಲ್ಲಿನ ಅಧ್ಯಾಪಕರನ್ನು ಮಾತಾಡಿಸಿ ಬನ್ನಿ.

ಹಳೆಯ ಕಾಲೇಜಿನಲ್ಲಿ ಏನೇನು ಕೇಳಬೇಕು

ಟೀಸಿ ಒಂದೇ ತಂದರೆ ಸಾಲದು. ವಿಶ್ವವಿದ್ಯಾಲಯವೇ ಬದಲಾದರೆ ಮೈಗ್ರೇಷನ್ ಪ್ರಮಾಣಪತ್ರ ಬೇಕು. ಒಂದೇ ವಿಶ್ವವಿದ್ಯಾಲಯದೊಳಗಾದರೂ ಬಿಡುವ ಕಾಲೇಜು, ಸೇರುವ ಕಾಲೇಜು ಎರಡರ ಒಪ್ಪಿಗೆ ಪತ್ರವೂ ಬೇಕಾಗುತ್ತದೆ. ಬಾಕಿ ಇಲ್ಲವೆಂಬ ಪತ್ರ, ವ್ಯಾಸಂಗ ಪ್ರಮಾಣಪತ್ರ ಇವುಗಳ ಜೊತೆ ಇನ್ನೊಂದನ್ನು ಮರೆಯದೆ ಕೇಳಿ: ಈ ಮಗುವಿಗೆ ಯಾವ ವರ್ಷ, ಯಾವ ವಿದ್ಯಾರ್ಥಿವೇತನ, ಎಷ್ಟು ಬಂದಿದೆ ಎಂದು ಪ್ರಿನ್ಸಿಪಾಲರ ಸಹಿಯ ಒಂದು ಪತ್ರ. ಇದಕ್ಕೆ ನಿಗದಿತ ನಮೂನೆ ಬೇಕಿಲ್ಲ, ಲೆಟರ್‌ಹೆಡ್‌ನಲ್ಲಿ ನಾಲ್ಕು ಸಾಲು ಸಾಕು. ಹೊಸ ಕಾಲೇಜಿನವರು ನವೀಕರಣಕ್ಕೆ ಕಳಿಸುವಾಗ ಇದು ಬ್ರಹ್ಮಾಸ್ತ್ರ.

ಹೋದ ವರ್ಷದ ಅರ್ಜಿ ಇನ್ನೂ ಬಾಕಿ ಇದೆಯಾ? ಹಾಗಾದರೆ ಅದನ್ನು ಪರಿಶೀಲಿಸಿ ಮುಂದಕ್ಕೆ ಕಳಿಸಬೇಕಾದದ್ದು ಹಳೆಯ ಕಾಲೇಜಿನ ನೋಡಲ್ ಅಧಿಕಾರಿ. ಮಗು ಅಲ್ಲಿಂದ ಹೊರಟ ಮೇಲೆ ಅವರಿಗೆ ನಿಮ್ಮ ಕಡತದ ನೆನಪು ಎಷ್ಟಿದ್ದೀತು? ಟೀಸಿ ಕೇಳುವ ದಿನವೇ ಅದನ್ನೂ ವಿಚಾರಿಸಿ, ನಿಮ್ಮೆದುರೇ ಪೋರ್ಟಲ್ ತೆರೆಸಿ ನೋಡಿ. ಸ್ವಲ್ಪ ಜೋರು ಹೆಂಗಸು ಅನ್ನಿಸಿಕೊಂಡರೂ ಪರವಾಗಿಲ್ಲ.

ಕಟ್ಟಿದ ಫೀಸಿನ ವಿಷಯ. ಯುಜಿಸಿ 2018ರಲ್ಲಿ ಹೊರಡಿಸಿದ ಅಧಿಸೂಚನೆಯಂತೆ ಕಾಲೇಜುಗಳು ಮಕ್ಕಳ ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುವಂತಿಲ್ಲ. ಪರಿಶೀಲಿಸಿ ವಾಪಸ್ ಕೊಡಬೇಕು. ಓದುವ ಸೆಮಿಸ್ಟರ್ ಅಥವಾ ವರ್ಷದ ಫೀಸನ್ನು ಮಾತ್ರ ಮುಂಗಡವಾಗಿ ಪಡೆಯಬೇಕು, ಪೂರ್ತಿ ಕೋರ್ಸಿನದ್ದಲ್ಲ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮುಂಚೆಯೇ ಬಿಟ್ಟರೆ ಸಣ್ಣ ಸಂಸ್ಕರಣಾ ವೆಚ್ಚ ಹಿಡಿದು ಪೂರ್ತಿ ಫೀಸು ವಾಪಸ್. ಅಲ್ಲಿಂದ ಮುಂದಕ್ಕೆ ಶೇ 90, ಕೊನೆಯ ದಿನ ಕಳೆದು 15 ದಿನದೊಳಗೆ ಶೇ 80, 30 ದಿನದೊಳಗೆ ಶೇ 50. ಆಮೇಲೆ ಸೊನ್ನೆ ಎಂದು ಆ ಅಧಿಸೂಚನೆ ಹೇಳಿತ್ತು. ನಂತರದ ವರ್ಷಗಳಲ್ಲಿ ಇನ್ನೂ ಉದಾರ ದಿನಾಂಕಗಳು ಬಂದದ್ದುಂಟು. ಅಂತೂ ಒಂದು ವಾರದ ಮೀನಮೇಷಕ್ಕೆ ಸಾವಿರಾರು ರೂಪಾಯಿ ಬೆಲೆ ಇದೆ. ಸಿಇಟಿ ಮೂಲಕ ಸಿಕ್ಕ ವೃತ್ತಿಪರ ಸೀಟುಗಳಿಗೆ ನಿಯಮ ಬೇರೆ, ದಂಡವೂ ಇರಬಹುದು. ಕೌನ್ಸೆಲಿಂಗ್ ವೇಳೆ ಕೊಟ್ಟ ಸೂಚನೆಗಳನ್ನು ತೆಗೆದು ಓದಿ.

ಸಾಲ ಇದ್ದರೆ ಬ್ಯಾಂಕಿಗೂ ತಿಳಿಸಿ

ಶೈಕ್ಷಣಿಕ ಸಾಲ ಮಂಜೂರಾಗುವುದು ಇಂಥ ಕೋರ್ಸಿಗೆ, ಇಂಥ ಕಾಲೇಜಿಗೆ ಎಂದು. ಕಂತು ನೇರವಾಗಿ ಕಾಲೇಜಿನ ಖಾತೆಗೆ ಹೋಗುತ್ತದೆ. ಕಾಲೇಜು ಬದಲಿಸಿ ಬ್ಯಾಂಕಿಗೆ ಹೇಳದೆ ಕೂತರೆ ಮುಂದಿನ ಕಂತು ಹಳೆಯ ಕಾಲೇಜಿಗೆ ಹೋಗಿ ಕೂತರೂ ಆಶ್ಚರ್ಯವಿಲ್ಲ! ಹೊಸ ಕಾಲೇಜಿನ ಪ್ರವೇಶ ಪತ್ರ, ಫೀಸಿನ ವಿವರ ಕೊಟ್ಟು ಮಂಜೂರಾತಿಯನ್ನು ತಿದ್ದಿಸಿಕೊಳ್ಳಬೇಕು. ಸಾಮಾನ್ಯವಾಗಿ ಮರುಪಾವತಿ ಶುರುವಾಗುವುದು ಕೋರ್ಸು ಮುಗಿದು ಒಂದು ವರ್ಷದ ಮೇಲೆ. ಆದ್ದರಿಂದ ಕೋರ್ಸಿನ ಅವಧಿ ಬದಲಾದರೆ ಆ ದಿನಾಂಕವೂ ಬದಲಾಗಬೇಕು, ಕಾಗದದಲ್ಲಿ ನೋಡಿಕೊಳ್ಳಿ.

ಆದಾಯ 4.5 ಲಕ್ಷದೊಳಗೆ ಇರುವ ಮನೆಗಳಿಗೆ, ಓದುವ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ ಇದೆ. ವೃತ್ತಿಪರ, ತಾಂತ್ರಿಕ ಕೋರ್ಸುಗಳಿಗೆ. ಇದರಲ್ಲಿ ಎರಡು ಮುಳ್ಳು. ಒಂದು, ಕಾಲೇಜಿಗೆ ಗುಣಮಟ್ಟದ ಮಾನ್ಯತೆ ಇರಬೇಕು. ಎರಡು, ಅನಾರೋಗ್ಯದ ಕಾರಣವಿಲ್ಲದೆ ಕೋರ್ಸನ್ನು ನಡುವೆ ಬಿಟ್ಟವರಿಗೆ ಬಡ್ಡಿ ಸಹಾಯ ನಿಂತುಹೋಗುತ್ತದೆ. ಮಗ ಎಂಜಿನಿಯರಿಂಗ್ ಬಿಟ್ಟು ಬೇರೇನೋ ಓದುತ್ತೇನೆ ಎಂದಾಗ ಇದು 'ಬದಲಾವಣೆ'ಯೋ 'ಬಿಟ್ಟದ್ದೋ' ಎಂದು ಬ್ಯಾಂಕಿನವರಿಂದ ಬರಹದಲ್ಲಿ ಪಡೆಯಿರಿ.

2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ 'ಪಿಎಂ ವಿದ್ಯಾಲಕ್ಷ್ಮಿ'ಯಲ್ಲಿ ಅಡಮಾನವಿಲ್ಲ, ಜಾಮೀನುದಾರರಿಲ್ಲ. 8 ಲಕ್ಷದವರೆಗಿನ ಆದಾಯದವರಿಗೆ 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇ 3 ರಿಯಾಯಿತಿ. ಆದರೆ ಸರ್ಕಾರ ಗುರುತಿಸಿದ ಉತ್ತಮ ಸಂಸ್ಥೆಗಳ ಪಟ್ಟಿಯಲ್ಲಿ ಹೊಸ ಕಾಲೇಜು ಇದೆಯೇ ನೋಡಬೇಕು. ಹಳೆಯದು ಇದ್ದು ಹೊಸದು ಇಲ್ಲದಿದ್ದರೆ ನಷ್ಟ, ಉಲ್ಟಾ ಆದರೆ ಲಾಭ. ಹೆಣ್ಣುಮಕ್ಕಳ ಸಾಲಕ್ಕೆ ಹಲವು ಸರ್ಕಾರಿ ಬ್ಯಾಂಕುಗಳು ಬಡ್ಡಿಯಲ್ಲಿ ಅರ್ಧ ಶೇಕಡಾ ಕಡಿಮೆ ಮಾಡುತ್ತವೆ. ತಾವಾಗಿ ಹೇಳದಿದ್ದರೆ ನೀವೇ ಕೇಳಿ.

ಯಾರೂ ಹೇಳದ ಮೂಲೆಗಳು

ಯಜಮಾನರ ಸಂಬಳದ ಚೀಟಿ ಎಂದಾದರೂ ನೋಡಿದ್ದೀರಾ? ಕಾರ್ಖಾನೆ, ಕಂಪನಿಗಳಲ್ಲಿ ಇರುವವರಿಗೆ ವರ್ಷಕ್ಕೊಮ್ಮೆ 'ಕಾರ್ಮಿಕ ಕಲ್ಯಾಣ ನಿಧಿ' ಎಂದು ಒಂದು ಪುಟ್ಟ ಮೊತ್ತ ಕಡಿತವಾಗಿರುತ್ತದೆ. ಅದೇ ನಿಧಿಯಿಂದ ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿ ಕಾರ್ಮಿಕರ ಮಕ್ಕಳಿಗೆ ಶೈಕ್ಷಣಿಕ ಪ್ರೋತ್ಸಾಹಧನ ಕೊಡುತ್ತದೆ. ಸಂಬಳದ ಮಿತಿ, ಅಂಕದ ಮಿತಿ ಇದೆ. ಆದರೆ ಇದು ಅಪ್ಪನ ದುಡಿಮೆಗೆ ಗಂಟು ಬಿದ್ದದ್ದು, ಮಗನ ಕಾಲೇಜಿಗಲ್ಲ. ನಮ್ಮದೇ ದುಡ್ಡು ಹೋಗುವುದು ಗೊತ್ತಿಲ್ಲ, ಬರುವುದೂ ಗೊತ್ತಿಲ್ಲ, ನೋಡಿ!

ನಮ್ಮ ಹಿರಿಯರ ಕಾಲದಲ್ಲಿ ಓದಲು ಊರು ಬಿಟ್ಟು ಬಂದ ಹುಡುಗರಿಗೆ ವಾರಾನ್ನ ಇತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಹಾಗೆ ಉಂಡು ಓದಿದವರು ಅದನ್ನು ಕೊನೆಯವರೆಗೂ ನೆನೆಯುತ್ತಿದ್ದರು. ಆ ಪದ್ಧತಿ ಹೋಯಿತು, ಆದರೆ ಅದರ ಮನಸ್ಸು ಹೋಗಿಲ್ಲ. ಮಠಗಳ ಉಚಿತ ಪ್ರಸಾದ ನಿಲಯಗಳು, ಸಮುದಾಯ ಸಂಘಗಳ ಹಾಸ್ಟೆಲ್‌ಗಳು, ದತ್ತಿನಿಧಿಗಳು ಊರೂರಿಗೂ ಇವೆ. ಉತ್ತರ ಕರ್ನಾಟಕದ ಪ್ರತಿಭಾವಂತ ಮಕ್ಕಳಿಗೆ ಧಾರವಾಡದ 'ವಿದ್ಯಾಪೋಷಕ್' 2001ರಿಂದ ಬೆನ್ನಿಗೆ ನಿಂತಿದೆ. ಬೆಂಗಳೂರಿನ ಸೀತಾರಾಮ್ ಜಿಂದಾಲ್ ಫೌಂಡೇಷನ್ ಪದವಿ, ಡಿಪ್ಲೊಮಾ ಓದುವವರಿಗೆ ತಿಂಗಳ ಲೆಕ್ಕದಲ್ಲಿ ನೆರವು ಕೊಡುತ್ತದೆ. ಇಂಥ ಕಡೆ ನೋಡುವುದು ಅಂಕ ಮತ್ತು ಮನೆಯ ಪರಿಸ್ಥಿತಿ. ಕಾಲೇಜು ಯಾಕೆ ಬದಲಾಯಿತು ಎಂದು ಒಂದು ಪುಟದಲ್ಲಿ ಮಗುವೇ ಬರೆಯಲಿ, ಸತ್ಯವಾಗಿ. 'ಅಪ್ಪನ ಅಂಗಡಿ ನಷ್ಟವಾಯಿತು, ಹಾಸ್ಟೆಲ್ ಖರ್ಚು ಭರಿಸಲಾಗಲಿಲ್ಲ' ಎಂಬುದರಲ್ಲಿ ನಾಚಿಕೆ ಏನಿದೆ?

ಇನ್ನು ಹೊಸ ಕಾಲೇಜು. ಎರಡನೇ ವರ್ಷದಲ್ಲಿ ಖಾಲಿ ಬಿದ್ದಿರುವ ಸೀಟು ತುಂಬಿದರೆ ಅವರಿಗೂ ಲಾಭವೇ. ಆದ್ದರಿಂದ ಫೀಸು ಕಟ್ಟುವ ಮುಂಚೆ, ನೆನಪಿಡಿ, ಕಟ್ಟುವ ಮುಂಚೆ, ರಿಯಾಯಿತಿ ಇದೆಯೇ, ಎರಡು ಮೂರು ಕಂತಿಗೆ ಒಪ್ಪುತ್ತಾರೆಯೇ ಎಂದು ಕೇಳಿ. ಒಪ್ಪಿದರೆ ರಸೀದಿಯಲ್ಲೋ ಪತ್ರದಲ್ಲೋ ಬರೆಸಿಕೊಳ್ಳಿ.

ಕೊನೆಗೆ ಬ್ಯಾಂಕ್ ಖಾತೆ. ಇದು ಸಣ್ಣ ವಿಷಯ ಎನ್ನಿಸಬಹುದು. ಸರ್ಕಾರದ ಹಣ ಈಗ ಬರುವುದು ಖಾತೆ ಸಂಖ್ಯೆ ನೋಡಿ ಅಲ್ಲ, ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು ನೋಡಿ. ಹೊಸ ಊರಿಗೆ ಹೋದ ಮಗ ಹಾಸ್ಟೆಲ್ ಪಕ್ಕದ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆಯುತ್ತಾನೆ, ಆಧಾರ್ ಕೊಡುತ್ತಾನೆ, ಫಾರಂನಲ್ಲಿ ಎಲ್ಲೋ ಒಂದು ಟಿಕ್ ಹಾಕುತ್ತಾನೆ. ವಿದ್ಯಾರ್ಥಿವೇತನ ಅಲ್ಲಿಗೆ ಹೋಗಿ ಬೀಳುತ್ತದೆ. ನೀವು ಇಲ್ಲಿ ಹಳೆಯ ಪಾಸ್‌ಬುಕ್ ಹಿಡಿದು 'ಬಂದೇ ಇಲ್ಲ' ಎಂದು ಕಾಯುತ್ತಿರುತ್ತೀರಿ. ಬಳೆ ಅಡವಿಡಲು ಹೊರಡುವ ಮುಂಚೆ ಮಗನಿಗೊಂದು ಫೋನ್ ಮಾಡಿ, ಆ ಖಾತೆಯನ್ನೂ ಒಮ್ಮೆ ನೋಡಲು ಹೇಳಿ.